ಕ್ಲಚ್ಚಿನ ಮಡಿ

ನಮ್ಮ ಸಾಹಿತ್ಯ ಸಭೆಗಳಲ್ಲಿ ಇತ್ತೀಚೆಗೆ ಗ್ರೀಸಿಗೆ ಒಳ್ಳೆಯ ಮರ್ಯಾದೆ ಸಿಗುತ್ತಿದೆ. ಒಂದು ಕವನ ಸಂಕಲನ ಬಿಡುಗಡೆಯಾದರೆ ಸಾಕು, ಯಾರಾದರೊಬ್ಬರು ಮೈಕಿನ ಮುಂದೆ ನಿಂತು ಗ್ರೀಸು ಮೆತ್ತಿದ ಕೈಗಳ ಬಗ್ಗೆ, ಬೆವರಿನ ಭಾಷೆಯ ಬಗ್ಗೆ, ಗ್ಯಾರೇಜಿನ ಹುಡುಗನ ಕಣ್ಣಿನ ಹೊಳಪಿನ ಬಗ್ಗೆ ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ. ತಟ್ಟಿದ್ದಷ್ಟೇ ಅಲ್ಲ, ಕನ್ನಡ ಮೇಷ್ಟ್ರಾಗಿ ಹದಿನಾಲ್ಕು ವರ್ಷ ಅಂಥ ಮಾತುಗಳನ್ನು ಆಡಿಯೂ ಇದ್ದೇನೆ. ಈ ಬರಹ ಆ ಮಾತುಗಳ ವಿರುದ್ಧ. ಅದಕ್ಕೆ ಕಾರಣ ಒಂದು ಕ್ಲಚ್ಚು.

ಮೇಷ್ಟ್ರ ಸಂಬಳದಲ್ಲಿ ಡುಕಾಟಿ ಬೈಕು ಹೇಗೆ ಬಂತು ಎಂದು ಕೇಳಬೇಡಿ. ನನ್ನ ಭಾವ ಕೆನಡಾಕ್ಕೆ ಹೋಗುವಾಗ ಬಿಟ್ಟು ಹೋದದ್ದು. ಹಳೆಯ ಮಾನ್‌ಸ್ಟರ್, ಅವರಿಗೇ ಅದು ಎರಡನೇ ಕೈ. 'ಮಾರಬೇಡಪ್ಪ, ಓಡಿಸ್ತಾ ಇರು' ಎಂದು ಕೀ ಕೊಟ್ಟರು. ಎರಡು ವರ್ಷ ಓಡಿಸಿದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಅದರ ಕ್ಲಚ್ಚು ಸವೆಯಿತು. ಇದರಲ್ಲಿ ಬೈಕಿನ ತಪ್ಪೇನೂ ಇಲ್ಲ. ರೇಸಿನ ಹಾದಿಯಲ್ಲಿ ಹುಟ್ಟಿದ ಒಂದು ಏರ್ಪಾಟನ್ನು ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಅರ್ಧರ್ಧ ಅಡಿ ತೆವಳಿಸಿದರೆ ಅದು ಸವೆಯದೆ ಇನ್ನೇನು ಮಾಡೀತು?

ಈ ಕ್ಲಚ್ಚಿನ ವಿಶೇಷವನ್ನು ಸ್ವಲ್ಪ ಹೇಳಬೇಕು. ನಿಮ್ಮ ಸ್ಪ್ಲೆಂಡರ್ ಆಗಲಿ ಬುಲೆಟ್ ಆಗಲಿ, ಅದರ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಅವನ್ನು ತಂಪಾಗಿಡುತ್ತದೆ, ಸದ್ದು ಅಡಗಿಸುತ್ತದೆ. ಡುಕಾಟಿಯವರು ಬಹಳ ಕಾಲ ತಮ್ಮ ಅನೇಕ ಬೈಕುಗಳಿಗೆ ಒಣ ಕ್ಲಚ್ಚು ಹಾಕುತ್ತಿದ್ದರು. ಒಂದು ಹನಿ ಎಣ್ಣೆಯೂ ಇಲ್ಲ, ಗಾಳಿಯಲ್ಲೇ ತಿರುಗಬೇಕು. ಎಣ್ಣೆಯ ಎಳೆತವಿಲ್ಲ, ಸವೆದ ಪುಡಿ ಇಂಜಿನ್ ಆಯಿಲಿಗೆ ಸೇರುವುದಿಲ್ಲ, ಬಿಚ್ಚಬೇಕೆಂದರೆ ಆಯಿಲ್ ಬಸಿಯಬೇಕಾಗಿಲ್ಲ. ಬದಲಿಗೆ ಸದ್ದು. ಸಿಗ್ನಲ್ಲಿನಲ್ಲಿ ಲಿವರ್ ಹಿಡಿದು ನಿಂತರೆ ಡಬ್ಬಿಯೊಳಗೆ ಸ್ಟೀಲ್ ಲೋಟಗಳನ್ನು ಹಾಕಿ ಅಲುಗಾಡಿಸಿದ ಹಾಗೆ ಖಣಖಣ. ಪಕ್ಕದ ಆಟೋದವರು ಮರುಕದಿಂದ ನೋಡಿ, 'ಸಾರ್, ಇಂಜಿನ್ ಹೋಗೈತೆ, ತೋರಿಸಿ' ಎನ್ನುತ್ತಾರೆ. ಈಗ ಕಂಪನಿಯೇ ಹೆಚ್ಚಿನ ರಸ್ತೆ ಬೈಕುಗಳಿಗೆ ಎಣ್ಣೆಯ ಕ್ಲಚ್ಚನ್ನೇ ಹಾಕುತ್ತಿದೆ. ನನ್ನದು ಒಣ ಕಾಲದ್ದು.

ಒಳಗಿನ ಕೆಲಸ ಇಷ್ಟು. ಸುತ್ತಲೂ ಸೀಳುಗಳಿರುವ ಒಂದು ಬಟ್ಟಲು, ಅದಕ್ಕೆ ಬಾಸ್ಕೆಟ್ ಎನ್ನುತ್ತಾರೆ, ಇಂಜಿನ್ನಿನ ಜೊತೆ ತಿರುಗುತ್ತದೆ. ನಡುವಿನ ಹಬ್ಬು ಗೇರ್ ಬಾಕ್ಸಿನ ಜೊತೆ ತಿರುಗುತ್ತದೆ. ಇವೆರಡರ ಮಧ್ಯೆ ಎರಡು ಜಾತಿಯ ಪ್ಲೇಟುಗಳು. ಫ್ರಿಕ್ಷನ್ ಪ್ಲೇಟಿನ ಕಿವಿಗಳು ಹೊರಗಿನ ಬಟ್ಟಲಿನ ಸೀಳುಗಳಲ್ಲಿ ಕೂರುತ್ತವೆ, ಸ್ಟೀಲ್ ಪ್ಲೇಟಿನ ಹಲ್ಲುಗಳು ಒಳಗಿನ ಹಬ್ಬನ್ನು ಕಚ್ಚುತ್ತವೆ. ಆರು ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಾಗ ಇಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ನೀವು ಲಿವರ್ ಎಳೆದಾಗ ಒಂದು ಸರಳು ಮೇಲಿನ ಪ್ರೆಶರ್ ಪ್ಲೇಟನ್ನು ತಳ್ಳುತ್ತದೆ, ಒತ್ತಡ ಬಿಡುತ್ತದೆ, ಪ್ಲೇಟುಗಳು ಅವರವರ ಪಾಡಿಗೆ ತಿರುಗುತ್ತವೆ. ಇಷ್ಟನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೆ ನಾನು ಇಪ್ಪತ್ತೈದು ವರ್ಷ ಗಾಡಿ ಓಡಿಸಿದ ಮೇಲೆ ತಿಳಿದೆ. ಅಷ್ಟೂ ವರ್ಷ ಎಡಗೈಯಲ್ಲಿ ದಿನಕ್ಕೆ ನೂರಾರು ಸಲ ಹಿಡಿದು ಬಿಟ್ಟ ವಸ್ತುವಿನ ಒಳಗೇನಿದೆ ಎಂದು ನನಗೆ ಕುತೂಹಲವೇ ಹುಟ್ಟಿರಲಿಲ್ಲ. ಇದು ನನ್ನ ಸೋಮಾರಿತನ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ, ನನ್ನ ಶಿಕ್ಷಣ ಅನ್ನಿಸುತ್ತದೆ.

ಮನೆಯಲ್ಲೇ ಮಾಡೋಣ ಎಂದು ಹೊರಟಿದ್ದಕ್ಕೆ ಮೊದಲ ಕಾರಣ ದುಡ್ಡು, ತತ್ವ ಆಮೇಲಿನದು. ದೊಡ್ಡ ಬೈಕುಗಳ ರಿಪೇರಿ ಮಾಡುವ ಒಂದು ಗಾಜಿನ ಅಂಗಡಿಗೆ ಹೋಗಿ ಕೇಳಿದೆ. ಸಾಮಾನಿನ ಬೆಲೆ ಬಿಟ್ಟು ಕೂಲಿಯೇ ನನ್ನ ಸಂಬಳದ ಕಾಲು ಭಾಗ. ಕೆಲಸ ಮಾಡುವಾಗ ನಿಂತು ನೋಡಬಹುದೇ ಎಂದೆ. ಕಸ್ಟಮರ್‌ಗಳಿಗೆ ಒಳಗೆ ಪ್ರವೇಶವಿಲ್ಲವಂತೆ, ಕಾಫಿ ಕುಡಿಯುತ್ತಾ ಸೋಫಾದ ಮೇಲೆ ಕೂತಿರಬಹುದಂತೆ. ಪ್ಲೇಟುಗಳನ್ನು ತರಿಸಿಕೊಂಡು ಮನೆಗೆ ಬಂದೆ.

ನಮ್ಮದು ನಲವತ್ತು ಮನೆಗಳ ಅಪಾರ್ಟ್‌ಮೆಂಟು. ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಬೈಕು ನಿಲ್ಲಿಸಿ, ಪಕ್ಕದಲ್ಲಿ ಪತ್ರಿಕೆಯ ಸಾಪ್ತಾಹಿಕ ಪುರವಣಿ ಹಾಸಿ (ನನ್ನದೇ ಒಂದು ಲೇಖನ ಅದರಲ್ಲಿತ್ತು, ಇರಲಿ) ಕೂತೆ. ಅರ್ಧ ಗಂಟೆಯಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಬಂದರು. ಒಳ್ಳೆಯ ಮನುಷ್ಯ, ನನ್ನ ಮಗಳ ಟ್ಯೂಷನ್ನಿಗೆ ದಾರಿ ಮಾಡಿಕೊಟ್ಟವರು.

'ಏನ್ ಸಾರ್ ಇದು, ನೀವೇ ಬಿಚ್ಕೊಂಡು ಕೂತಿದೀರಾ? ಪಾರ್ಕಿಂಗಲ್ಲಿ ಮೆಕ್ಯಾನಿಕ್ ಕೆಲಸ ಮಾಡೋ ಹಾಗಿಲ್ಲ ಅಂತ ರೂಲ್ ಇದೆಯಲ್ಲ.'

'ಮುಗಿಸಿ ಗುಡಿಸಿಬಿಡ್ತೀನಿ ಸಾರ್.'

'ಅದಕ್ಕಲ್ಲ. ನೀವು ಪ್ರೊಫೆಸರ್ರು. ಯಾರಾದ್ರೂ ಹುಡುಗನ್ನ ಕರೆಸಿದ್ರೆ ಇಲ್ಲೇ ಮಾಡ್ಕೊಟ್ಟು ಹೋಗ್ತಾನೆ. ನೋಡೋರು ಏನಂದ್ಕೋತಾರೆ?'

ಇದನ್ನು ನಿಧಾನವಾಗಿ ಓದಿ. ಬೇಸ್‌ಮೆಂಟಿನಲ್ಲಿ ಕೆಲಸ ಮಾಡಬಾರದೆಂಬ ನಿಯಮ 'ಹುಡುಗ' ಮಾಡಿದರೆ ಅನ್ವಯಿಸುವುದಿಲ್ಲ. ಆಕ್ಷೇಪ ಇರುವುದು ಕೆಲಸಕ್ಕಲ್ಲ, ಕೈಗೆ. ಇನ್ನು ಆ 'ಹುಡುಗ'. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಭಾಯ್‌ಗೆ ಐವತ್ತು ದಾಟಿದೆ, ಮೊಮ್ಮಗಳಿದ್ದಾಳೆ. ಅವರೂ ನಮ್ಮ ಅಪಾರ್ಟ್‌ಮೆಂಟಿಗೆ ಹುಡುಗನೇ. ಈ ನಾಡಿನಲ್ಲಿ ಕೆಲವು ಕೆಲಸಗಳನ್ನು ಮಾಡುವವರಿಗೆ ವಯಸ್ಸಾಗುವುದಿಲ್ಲ.

ಇದೇ ಬೇಸ್‌ಮೆಂಟಿನಲ್ಲಿ ನಾಲ್ಕು ತಿಂಗಳ ಹಿಂದೆ ಆಯುಧಪೂಜೆ ನಡೆದಿತ್ತು. ಒಂದೊಂದು ಗಾಡಿಗೂ ಬಾಳೆಕಂದು, ಸೇವಂತಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು. ಪೂಜೆಗೆಂದು ಎಲ್ಲರೂ ಮನೆಯಿಂದ ಸ್ಪ್ಯಾನರು, ಸ್ಕ್ರೂಡ್ರೈವರು, ಕತ್ತರಿ ತಂದು ತೊಳೆದು ಕುಂಕುಮ ಹಚ್ಚಿ ಇಟ್ಟರು. ಸೆಕ್ರೆಟರಿಯವರೇ ಮುಂದೆ ನಿಂತು ಕುಂಬಳಕಾಯಿ ಒಡೆಸಿದರು. ಅಂದು ಹದಿನೇಳು ಸ್ಪ್ಯಾನರುಗಳಿದ್ದವು, ನಾನು ಎಣಿಸಿದ್ದೆ. ನನ್ನ ಪ್ರಶ್ನೆ ಇಷ್ಟೇ: ವರ್ಷಕ್ಕೊಮ್ಮೆ ಕೈಮುಗಿಯುವ ವಸ್ತುವನ್ನು ಉಳಿದ ದಿನ ಕೈಯಲ್ಲಿ ಹಿಡಿದರೆ ಮರ್ಯಾದೆ ಹೋಗುವುದು ಹೇಗೆ? ಪೂಜೆಯೂ ದೂರವಿಡುವ ಒಂದು ಬಗೆ ಎಂದು ನನಗೆ ಅನುಮಾನ. ನಮ್ಮ ಗ್ರೀಸಿನ ಕವಿತೆಗಳೂ ಅದೇ ಬಗೆಯವು. ಹಚ್ಚುವುದು ಕುಂಕುಮದ ಬದಲು ರೂಪಕ.

ಕೆಲಸಕ್ಕೆ ಬರೋಣ. ಆರು ಸ್ಕ್ರೂಗಳನ್ನು ಒಂದೇ ಸಲ ಬಿಚ್ಚಬಾರದು. ಒಂದನ್ನು ಅರ್ಧ ಸುತ್ತು, ಎದುರಿನದನ್ನು ಅರ್ಧ ಸುತ್ತು, ಹೀಗೆ ಸ್ಪ್ರಿಂಗುಗಳ ಒತ್ತಡ ಸಮನಾಗಿ ಇಳಿಯಬೇಕು. ಪ್ರೆಶರ್ ಪ್ಲೇಟು ತೆಗೆದೆ. ಒಳಗೆಲ್ಲ ಕಪ್ಪು ಪುಡಿ. ಅದನ್ನು ಬಾಯಿಂದ ಊದಬಾರದು. ಅದು ಸವೆದ ಫ್ರಿಕ್ಷನ್ ಪ್ಲೇಟಿನ ಪುಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ಕಾಲದ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಅದನ್ನು ಊದುತ್ತಲೇ ಬದುಕಿದವರು ಎಷ್ಟೋ ಮಂದಿ. ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿದೆ. ಪ್ಲೇಟುಗಳನ್ನು ಒಂದೊಂದಾಗಿ ಎಳೆದು, ಬಂದ ಕ್ರಮದಲ್ಲೇ ಪುರವಣಿಯ ಮೇಲೆ ಸಾಲಾಗಿ ಇಟ್ಟು, ಫೋಟೋ ತೆಗೆದೆ. ಹೊಸ ಫ್ರಿಕ್ಷನ್ ಪ್ಲೇಟು 3 ಮಿ.ಮೀ. ದಪ್ಪ. ನನ್ನವು ಅಳತೆಗೆ 2.7ಕ್ಕೆ ಇಳಿದಿದ್ದವು. ಇಷ್ಟು ಸಣ್ಣ ಅಂತರಕ್ಕೆ ಎರಡು ಕ್ವಿಂಟಾಲಿಗೆ ಹತ್ತಿರದ ಗಾಡಿ ಏರು ಹತ್ತಲು ಒಲ್ಲೆ ಎನ್ನುತ್ತಿತ್ತು.

ಬಿಚ್ಚುವುದು ಸುಲಭ. ನನ್ನ ಕತೆ ಇರುವುದು ಮತ್ತೆ ಜೋಡಿಸಿದ್ದರಲ್ಲಿ.

ಫ್ರಿಕ್ಷನ್ನು, ಸ್ಟೀಲು, ಫ್ರಿಕ್ಷನ್ನು, ಸ್ಟೀಲು ಎಂದು ಒಂದಾದ ಮೇಲೊಂದು ಕೂರಿಸಬೇಕು ಎಂಬುದು ನನಗೆ ಅರ್ಥವಾಗಿತ್ತು. ತತ್ವ ಗೊತ್ತಾದ ಮೇಲೆ ಇನ್ನೇನು? ಆದರೆ ಸಾಲಿನಲ್ಲಿ ಒಂದು ಕಡೆ, ಎಲ್ಲಕ್ಕಿಂತ ಕೆಳಗೆ, ಎರಡು ಸ್ಟೀಲ್ ಪ್ಲೇಟುಗಳು ಒಂದರ ಮೇಲೊಂದು ಇದ್ದವು. ನಡುವೆ ಫ್ರಿಕ್ಷನ್ ಇಲ್ಲ. ಇದು ಹಿಂದೆ ಯಾರೋ ಅರೆಬರೆ ಕಲಿತವನು ಮಾಡಿದ ತಪ್ಪು ಎಂದು ತೀರ್ಮಾನಿಸಿದೆ. ಹೊಸ ಪ್ಯಾಕಿನಲ್ಲೂ ಒಂದು ಸ್ಟೀಲು ಹೆಚ್ಚಿತ್ತು. ಅದನ್ನು 'ಸ್ಪೇರ್' ಎಂದು ಪಕ್ಕಕ್ಕಿಟ್ಟೆ. ಸುಂದರವಾದ, ಸಮವಾದ ಜೋಡಣೆ ಮಾಡಿದೆ. ಸ್ಕ್ರೂ ಬಿಗಿದೆ. ಸ್ಟಾರ್ಟ್ ಮಾಡಿ ಗೇರು ಹಾಕಿ ಲಿವರ್ ಬಿಟ್ಟೆ. ಇಂಜಿನ್ ಕೂಗಿತು, ಗಾಡಿ ಕದಲಲಿಲ್ಲ.

ಎಂ.ಎ. ತರಗತಿಯಲ್ಲಿ ನಾನು ಪಾಠ ಮಾಡುವುದು ಗ್ರಂಥಸಂಪಾದನೆ. ಡಿ.ಎಲ್. ನರಸಿಂಹಾಚಾರ್ಯರ ಪುಸ್ತಕ ಹಿಡಿದು ಪ್ರತಿವರ್ಷ ಹೇಳುತ್ತೇನೆ: ಹಸ್ತಪ್ರತಿಯಲ್ಲಿ ನಿಮಗೆ ಅರ್ಥವಾಗದ ಪಾಠ ಕಂಡರೆ ತಿದ್ದಲು ಹೋಗಬೇಡಿ, ಲಿಪಿಕಾರ ದಡ್ಡನೆಂದು ಭಾವಿಸಬೇಡಿ, ಸಲೀಸಾದ ಪಾಠಕ್ಕಿಂತ ಕ್ಲಿಷ್ಟವಾದ ಪಾಠವೇ ಮೂಲವಾಗಿರುವ ಸಂಭವ ಹೆಚ್ಚು. ಹದಿನಾಲ್ಕು ವರ್ಷ ಇದನ್ನು ಹೇಳಿದವನು, ಕೈಯಲ್ಲಿ ಸ್ಪ್ಯಾನರು ಬಂದ ತಕ್ಷಣ ಹಿಂದಿನವನನ್ನು ದಡ್ಡನೆಂದು ಕರೆದು ಪಾಠ ತಿದ್ದಿದೆ. ತಾಳೆಗರಿಗೆ ತೋರಿಸುವ ವಿನಯವನ್ನು ಗ್ಯಾರೇಜಿಗೆ ತೋರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಎಂಬುದೇ ಈ ಲೇಖನ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಭಾಯ್ ಬಂದರು. ಅವರು ಈ ಬೈಕಿನ ಕ್ಲಚ್ಚು ಬಿಚ್ಚಿದವರಲ್ಲ, ಮೊದಲೇ ಹೇಳಿದರು. 'ಆದ್ರೆ ಲಾರಿ, ಕಾರು ಎಲ್ಲಾದ್ರದೂ ಒಣ ಕ್ಲಚ್ಚೇ ಅಲ್ವಾ ಸಾರ್. ನೋಡಣ.' ಕೂರುವ ಮೊದಲೇ ಕಣ್ಣು ಪುರವಣಿಯ ಮೇಲೆ ಬಿತ್ತು.

'ಇದೇನ್ ಸಾರ್ ಒಂದು ಪ್ಲೇಟು ಆಚೆ ಐತೆ?'

'ಎಕ್ಸ್‌ಟ್ರಾ ಭಾಯ್.'

'ಕಂಪನಿಯವ್ರು ಎಕ್ಸ್‌ಟ್ರಾ ಕೊಡ್ತಾರಾ ಸಾರ್?'

ಹಳೆಯ ಪ್ಲೇಟುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ನಾನು ಹಾಕಿದ ಹೊಸ ಪ್ಲೇಟುಗಳನ್ನು ಪೇರಿಸಿ ನೋಡಿದರು. ನನ್ನದು ಒಂದು ಪ್ಲೇಟಿನಷ್ಟು ಕುಳ್ಳಗಿತ್ತು. ಒಟ್ಟು ಎತ್ತರ ಕಡಿಮೆಯಾದರೆ ಸ್ಪ್ರಿಂಗುಗಳು ಒತ್ತುವುದಕ್ಕೆ ಏನೂ ಸಿಗುವುದಿಲ್ಲ, ಪ್ಲೇಟುಗಳು ಜಾರುತ್ತವೆ. ಆ ಎರಡನೇ ಸ್ಟೀಲು ಅಲ್ಲಿದ್ದದ್ದೇ ಎತ್ತರಕ್ಕಾಗಿ. ಆಮೇಲೆ ಒಂದು ಪ್ಲೇಟನ್ನು ಎತ್ತಿ ದೀಪಕ್ಕೆ ಅಡ್ಡ ಹಿಡಿದು, 'ಇದು ಊಟದ ತಟ್ಟೆ ಥರ ಬಗ್ಗೈತೆ ಸಾರ್, ಗುರುತು ಬೇರೆ ಐತೆ, ಯಾವ ಕಡೆ ಮುಖ ಇತ್ತು?' ಎಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಎಲ್ಲ ಸ್ಟೀಲುಗಳೂ ಒಂದೇ ಎಂದು ನನಗೆ ಕಂಡಿತ್ತು. ಫೋಟೋ ಹಿಗ್ಗಿಸಿ ನೋಡಿ ಸ್ಥಾನ ಪತ್ತೆ ಮಾಡಿದೆವು, ಮುಖವನ್ನು ಕೈಪಿಡಿಯಲ್ಲಿ ಹುಡುಕಿದೆವು. ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಾನು ಓದಿ ಹೇಳಿದೆ, ಅವರು ಅರ್ಥ ಹೇಳಿದರು. ಅಷ್ಟೂ ಹೊತ್ತಿನಲ್ಲಿ ನಾನು ಮಾಡಿದ ಉಪಯುಕ್ತ ಕೆಲಸ ಅದೊಂದೇ.

ಹೊಸ ಫ್ರಿಕ್ಷನ್ ಪ್ಲೇಟನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಭಾಯ್ ತಡೆದರು.

'ಕೈ ತೊಳ್ಕೊಂಡು ಬನ್ನಿ ಸಾರ್.'

ಮಧ್ಯಾಹ್ನ ಸುಮ್ಮನಿರಲಾರದೆ ಚೈನಿಗೆ ಎಣ್ಣೆ ಹಾಕಿದ್ದೆ. ಕೈ ಜಿಡ್ಡಾಗಿತ್ತು. ಒಣ ಕ್ಲಚ್ಚಿಗೆ ಎಣ್ಣೆ ಸೋಕಬಾರದು, ಸೋಕಿದರೆ ಪ್ಲೇಟು ಹಿಡಿತ ಕಳೆದುಕೊಳ್ಳುತ್ತದೆ. ಮಹಡಿ ಹತ್ತಿ ಹೋಗಿ ಸೋಪು ಹಾಕಿ ತೊಳೆದುಕೊಂಡು ಬಂದೆ. ಅವರು ಆಗಲೇ ತಮ್ಮ ಕೈಯನ್ನು ಮೊದಲು ಪೆಟ್ರೋಲಿನಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದು ಒಣಗಿಸಿಕೊಂಡು ಕಾಯುತ್ತಿದ್ದರು.

ನನ್ನ ಅಜ್ಜಿ ಮಡಿ ಉಟ್ಟು ಅಡಿಗೆಮನೆಯಲ್ಲಿದ್ದಾಗ ಮಕ್ಕಳನ್ನು ಹೀಗೇ ತಡೆಯುತ್ತಿದ್ದಳು. ಆ ಮಡಿ ಯಾರನ್ನು ಹೊರಗಿಡಲು ಇತ್ತೆಂದು ನಮಗೆಲ್ಲ ಗೊತ್ತು. ನನ್ನ ಅಜ್ಜಿಯ ಲೆಕ್ಕದಲ್ಲಿ ಭಾಯ್ ಹೊಸಿಲು ದಾಟುವಂತಿರಲಿಲ್ಲ. ಈಗ ಬೇಸ್‌ಮೆಂಟಿನಲ್ಲಿ ಅವರ ಮಡಿಯನ್ನು ನಾನು ಕೆಡಿಸಲು ಹೊರಟಿದ್ದೆ. ವ್ಯತ್ಯಾಸವೆಂದರೆ ಇವರ ಮಡಿಗೆ ಕಾರಣವಿದೆ, ಕಾರಣವನ್ನು ಯಾರಿಗೂ ಹೇಳಬಹುದು, ಕೈ ತೊಳೆದ ಯಾರೂ ಒಳಗೆ ಬರಬಹುದು.

ಈಗ ನಮ್ಮ ಸಭೆಯ ಭಾಷಣಗಳನ್ನು ನೆನೆಸಿಕೊಳ್ಳಿ. ಗ್ರೀಸು ಮೆತ್ತಿದ ಕೈ! ಮೆಕ್ಯಾನಿಕ್ಕಿನ ಕೈಯಲ್ಲಿ ನಮಗೆ ಕಂಡದ್ದು ಕೊಳೆ ಮಾತ್ರ. ಹಿಂದೆ ಅದನ್ನು ಕಂಡು ಮೂಗು ಮುರಿಯುತ್ತಿದ್ದೆವು, ಈಗ ಕಂಡು ಕಣ್ಣೀರು ಹಾಕುತ್ತೇವೆ. ನೋಟ ಬದಲಾಗಿಲ್ಲ. ಆ ಕೈ ಯಾವಾಗ ಗ್ರೀಸು ಹಚ್ಚಬೇಕು, ಯಾವಾಗ ಹನಿಯೂ ಸೋಕದಂತೆ ತೊಳೆಯಬೇಕು ಎಂದು ತಿಳಿದ ಕೈ ಎಂಬುದು ನಮ್ಮ ಯಾವ ಕವಿತೆಯಲ್ಲೂ ನಾನು ಕಾಣೆ. ಬೆವರನ್ನು ಹೊಗಳುವುದು ಸುಲಭ, ಯಾಕೆಂದರೆ ಬೆವರಿಗೆ ತಿಳಿವಳಿಕೆ ಬೇಕಿಲ್ಲ. ತಿಳಿವಳಿಕೆ ಇದೆ ಎಂದು ಒಪ್ಪಿದರೆ ಅವರು ನಮಗೆ ವಸ್ತುವಾಗಿ ಉಳಿಯುವುದಿಲ್ಲ, ಗುರುವಾಗುತ್ತಾರೆ. ಅದು ನಮಗೆ ಕಷ್ಟ.

'ಕಾಯಕ' ಎಂಬ ಮಾತಿಲ್ಲದೆ ನಮ್ಮ ಭಾಷಣ ಮುಗಿಯುವುದಿಲ್ಲ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಜೇಡರ ದಾಸಿಮಯ್ಯ ಎಂದು ಹೆಸರುಗಳನ್ನು ಉರುಳಿಸುತ್ತೇವೆ. ಬಿದಿರು ಸೀಳುವುದು ಹೇಗೆ, ಹಗ್ಗ ಹೊಸೆಯುವುದು ಹೇಗೆ, ಮಗ್ಗದ ಹಾಸು ಹೊಕ್ಕು ಎಂದರೇನು ಎಂದು ವಚನ ಪಾಠ ಮಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೆ ಗೊತ್ತಿಲ್ಲ. ಕಾಯಕವನ್ನು ಕಳಚಿ ಬರೀ ರೂಪಕವನ್ನು ಇಟ್ಟುಕೊಂಡು ಡಾಕ್ಟರೇಟ್ ಪಡೆದವರು ನಾವು.

ಇಂಗ್ಲಿಷ್ ವಿಭಾಗದ ಗೆಳೆಯರು ಇನ್ನೊಂದು ದಾರಿ ಹಿಡಿಯುತ್ತಾರೆ. ಬೈಕು ಎಂದ ಕೂಡಲೆ ರಾಬರ್ಟ್ ಪಿರ್ಸಿಗ್, 1974ರ ಅವರ ಪುಸ್ತಕ, ಝೆನ್, ಧ್ಯಾನ. ನನ್ನ ಕ್ಲಚ್ಚಿನ ಸುದ್ದಿ ಕೇಳಿ ಒಬ್ಬರು, 'ಒಂಥರಾ ಧ್ಯಾನ ಅಲ್ವಾ?' ಎಂದರು. ಅಲ್ಲ ಸ್ವಾಮಿ. ಬೆನ್ನು ನೋವು, ಸೊಳ್ಳೆ, ಮತ್ತು ಪ್ಲೇಟಿನ ಕಿವಿ ಸೀಳಿಗೆ ಕೂರಲಿಲ್ಲವೆಂಬ ಸಿಟ್ಟು. ಪುಸ್ತಕದ ಝೆನ್ ಬಗ್ಗೆ ತುಂಬಾ ನೆಚ್ಚಬೇಡಿ ಎಂದು ಪಿರ್ಸಿಗ್ ಮುನ್ನುಡಿಯಲ್ಲೇ ಎಚ್ಚರಿಸಿದ್ದಾರೆ. ಎಲ್ಲರೂ ಮರೆಯುವುದು ಅದರಲ್ಲಿ ಬರುವ ಜಾನ್ ಎಂಬ ಗೆಳೆಯನನ್ನು. ಅವನ ಬಳಿ ದುಬಾರಿ ಬಿಎಂಡಬ್ಲ್ಯು. ಅದರ ಹ್ಯಾಂಡಲ್ ಸಡಿಲವಾದಾಗ ನಿರೂಪಕ ಬಿಯರ್ ಡಬ್ಬಿಯ ತಗಡು ಕತ್ತರಿಸಿ ಒಳಗಿಟ್ಟು ಬಿಗಿಯೋಣ ಎನ್ನುತ್ತಾನೆ. ಜಾನ್‌ಗೆ ಅವಮಾನವಾಗುತ್ತದೆ. ತನ್ನ ಬೈಕಿಗೆ ಬಿಯರ್ ಡಬ್ಬಿಯೇ? ಆ ಕಾಲದ ಬಿಎಂಡಬ್ಲ್ಯು ಬೈಕುಗಳಿಗೆ ಇದ್ದದ್ದೂ ಒಣ ಕ್ಲಚ್ಚೇ ಎಂಬುದು ನನಗೆ ಆಮೇಲೆ ತಿಳಿದು ಒಬ್ಬನೇ ನಕ್ಕೆ. ಪಿರ್ಸಿಗ್ ಓಡಿಸಿದ 1966ರ ಹೋಂಡಾ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅವರದೂ ಒಂದು ಆಯುಧಪೂಜೆ.

ತೇಜಸ್ವಿ ಇದ್ದರಲ್ಲ ಎನ್ನುತ್ತೀರಿ. ಇದ್ದರು. ತೋಟ ಮಾಡಿದರು, ಮೀನು ಹಿಡಿದರು, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು, ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ತಲೆ ಕೆಡಿಸಿಕೊಂಡರು. ಅವರು ತೀರಿಕೊಂಡದ್ದು 2007ರಲ್ಲಿ. ಅಂದಿನಿಂದ ಕೈಕೆಲಸದ ವಿಷಯ ಬಂದಾಗಲೆಲ್ಲ ಆ ಒಂದು ಹೆಸರನ್ನು ಮುಂದೆ ಮಾಡಿ ನಾವು ಪಾರಾಗುತ್ತಿದ್ದೇವೆ. ಅವರ ಫೋಟೋ ಇರುವ ಟೀಶರ್ಟ್ ಹಾಕಿಕೊಂಡ ನನ್ನ ವಿದ್ಯಾರ್ಥಿಯೊಬ್ಬ ಪಂಕ್ಚರಾದ ಸೈಕಲ್ಲನ್ನು ಕಾಲೇಜಿನಲ್ಲೇ ಬಿಟ್ಟು ಆಟೋದಲ್ಲಿ ಹೋದ. ಅವನನ್ನು ಬೈಯಲು ನನಗೆ ಯೋಗ್ಯತೆ ಇರಲಿಲ್ಲ.

ನನ್ನ ವಿರುದ್ಧ ಹೇಳಬಹುದಾದ ಗಟ್ಟಿ ಮಾತು ಒಂದಿದೆ, ಅದನ್ನು ನನ್ನ ಹೆಂಡತಿಯೇ ಹೇಳಿದಳು: 'ನಿಮಗೆ ಇದು ಭಾನುವಾರದ ಆಟ. ಅವರಿಗೆ ಹೊಟ್ಟೆಪಾಡು. ನೀವೆಲ್ಲ ಮನೇಲೇ ಮಾಡ್ಕೊಂಡ್ರೆ ಅವರ ಗತಿ?' ನಿಜ. ಕ್ಲಚ್ಚು ಜೋಡಿಸಿದ್ದರಿಂದ ನಾನು ಶ್ರಮಿಕನಾಗಲಿಲ್ಲ. ನನ್ನ ಬೆನ್ನು ಒಂದು ದಿನ ನೋಯಿತು, ಅವರ ಬೆನ್ನು ಮೂವತ್ತು ವರ್ಷದಿಂದ ನೋಯುತ್ತಿದೆ. ಆದರೆ ಎಲ್ಲರೂ ತಮ್ಮ ರಿಪೇರಿ ತಾವೇ ಮಾಡಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಒಳಗೆ ಕೈ ಹಾಕಿ ನೋಡಿದವನಿಗೆ ಕೂಲಿಯ ಲೆಕ್ಕ ಬೇರೆಯಾಗಿ ಕಾಣುತ್ತದೆ. ಗಾಜಿನ ಅಂಗಡಿಯ ಬಿಲ್ಲನ್ನು ಪ್ರಶ್ನಿಸದೆ ಕಾರ್ಡು ಉಜ್ಜುವ ನಾವು, ಭಾಯ್ ಇನ್ನೂರೈವತ್ತು ಎಂದರೆ ಇನ್ನೂರು ತಗೊಳ್ಳಿ ಎನ್ನುತ್ತೇವೆ. ನಾನೇ ಎಷ್ಟು ಸಲ ಹಾಗಂದಿಲ್ಲ!

ಭಾಯ್ ಅಂಗಡಿಯನ್ನು ಮುಚ್ಚಿಸುವುದು ನನ್ನಂಥವರ ಭಾನುವಾರದ ಆಟವಲ್ಲ, ಒಳಗೆ ಬಿಡದ ಆ ಗಾಜು. ಕೈಪಿಡಿ ಸಿಗದು, ಬಿಡಿಭಾಗ ಸಿಗದು, ಸಿಕ್ಕರೂ ಕಂಪ್ಯೂಟರು ಹಚ್ಚದೆ ಗಾಡಿ ಒಪ್ಪದು. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ, ನಾಲ್ಕನ್ನೂ ಅದರಲ್ಲಿ ಸೇರಿಸಿ, ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ತೆರೆಯಿತು. ಎಲ್ಲದಕ್ಕೂ ಹೇಳಿಕೆ ಕೊಡುವ ನಮ್ಮ ಸಾಹಿತಿಗಳು ಇದರ ಬಗ್ಗೆ ಒಂದು ಮಾತಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಕನ್ನಡದಲ್ಲಿ ಕೈಪಿಡಿ ಕೊಡಿ ಎಂದು ಕೇಳಿದ್ದೂ ಕೇಳಿಲ್ಲ. ಬೋರ್ಡಿನಲ್ಲಿ ಕನ್ನಡ ಎಷ್ಟು ಪಾಲು ಇರಬೇಕೆಂದು ಜಗಳವಾಡುತ್ತೇವೆ, ಬೋರ್ಡಿನ ಕೆಳಗೆ ಕೂತು ಕೆಲಸ ಮಾಡುವವನ ಕನ್ನಡ ನಮಗೆ ಬೇಡ. ಕ್ಲಚ್ಚು 'ಹಿಡೀತಿಲ್ಲ', 'ಜಾರ್ತಿದೆ', 'ಬಿಡ್ತಿಲ್ಲ': ಮೂರು ಬೇರೆ ಬೇರೆ ರೋಗಗಳ ಹೆಸರು, ಮೂರೂ ಅಚ್ಚಗನ್ನಡ. ಯಾವ ಪರಿಭಾಷಾ ಸಮಿತಿಯೂ ಕೂತು ಮಾಡಿದ್ದಲ್ಲ.

ಅಂದು ರಾತ್ರಿ ಎಂಟೂವರೆಗೆ ಎರಡನೇ ಸಲ ಜೋಡಿಸಿ ಮುಗಿಸಿದೆವು. ಆರು ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. 'ಸಾಕು ಸಾರ್, ಅಲ್ಯೂಮಿನಿಯಂ ಅದು, ಥ್ರೆಡ್ ಹೋಗ್ಬಿಡ್ತದೆ' ಎಂದು ಭಾಯ್ ಎರಡು ಸಲ ತಡೆದರು. ಸ್ಟಾರ್ಟ್ ಮಾಡಿದೆ. ಲಿವರ್ ಎಳೆದರೆ ಖಣಖಣ, ಬಿಟ್ಟರೆ ಗಾಡಿ ಮುಂದಕ್ಕೆ ಹಾರಿತು. ಸದ್ದಿಗೆ ಸೆಕ್ರೆಟರಿ ಇಳಿದು ಬಂದು, 'ಸರಿ ಹೋಗ್ಲಿಲ್ವಾ ಸಾರ್? ನಾನು ಹೇಳ್ದೆ ಅಲ್ವಾ' ಎಂದರು. ಅವರಿಗೆ ಒಣ ಕ್ಲಚ್ಚಿನ ಕತೆ ಹೇಳಲು ಹೊರಟೆ, ಭಾಯ್ ಕಣ್ಣಲ್ಲೇ ಬೇಡವೆಂದರು. ಎಷ್ಟು ಕೊಡಲಿ ಎಂದು ಕೇಳಿದ್ದಕ್ಕೆ ಮುನ್ನೂರು ಎಂದರು. ಐನೂರು ಕೊಟ್ಟರೆ ಇನ್ನೂರು ವಾಪಸ್ಸು ಕೊಟ್ಟರು.

ಹಳೆಯ ಪ್ಲೇಟುಗಳು ಬಾಲ್ಕನಿಯಲ್ಲಿವೆ. ಈ ಸಲ ಗ್ರಂಥಸಂಪಾದನೆಯ ಕ್ಲಾಸಿಗೆ ತೆಗೆದುಕೊಂಡು ಹೋಗಬೇಕೆಂದಿದ್ದೇನೆ, ಮೊದಲ ಎರಡು ಸ್ಟೀಲುಗಳನ್ನು ಅದೇ ಕ್ರಮದಲ್ಲಿ ತಂತಿ ಕಟ್ಟಿ. ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಮಾತ್ರ ಇಡಬೇಡಿ, ಜಿಡ್ಡಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಈಗಾಗಲೇ ಹೇಳಿದ್ದಾರೆ. ಅದರಲ್ಲಿ ಜಿಡ್ಡೇ ಇಲ್ಲ ಎಂದರೆ ಅವರು ನಂಬಲಿಲ್ಲ.